ಗೀಟು ಬಟ್ಟೆ ಹೊಲಿಯಲೊಲ್ಲದ ಮಿಷನ್ನಮ್ಮ

ಮದ್ದೂರಿನ ಪೇಟೆಬೀದಿಯಲ್ಲಿ ಟೇಪು ಹಿಡಿಯದೆಯೇ ಗಂಡಸರ ಅಂಗಿಗೆ ಅಳತೆ ತೆಗೆಯುತ್ತಿದ್ದ ಹೆಂಗಸೊಬ್ಬರಿದ್ದರು. ಮೊದಲ ಸಲ ಅವರ ಅಂಗಡಿಗೆ ಹೋದಾಗ ನನಗದು ಗೊತ್ತಿರಲಿಲ್ಲ. ಬಟ್ಟೆಯನ್ನು ಮುಂದಿಟ್ಟು ಎರಡು ಕೈಯನ್ನೂ ಅಗಲಿಸಿ ನಿಂತೆ. ಅವರು ಮಿಷನ್ನಿನ ಹಿಂದಿನಿಂದ ಏಳಲೇ ಇಲ್ಲ.

"ಕೈ ಇಳಿಸಿ ಮೇಷ್ಟ್ರೆ, ರೆಕ್ಕೆ ಬಿಚ್ಕಂಡು ಆರೋಕೆ ಒಂಟಿದ್ದೀರಾ? ಅಂಗೇ ಒಂದು ಸುತ್ತು ತಿರುಗಿ," ಎಂದರು. ತಿರುಗಿದೆ. "ಎಡಗಡೆ ಬುಜ ವಸಿ ಇಳಿದದೆ. ಆಯ್ತು, ಸುಕ್ರವಾರ ಬನ್ನಿ."

ನನ್ನ ಎಡಭುಜ ಇಳಿದಿದೆಯೆಂದು ನನಗೆ ಗೊತ್ತಾದದ್ದೇ ಅವತ್ತು. ಶುಕ್ರವಾರ ಅವರು ಕೊಟ್ಟ ಅಂಗಿಯಷ್ಟು ಚೆನ್ನಾಗಿ ಮೈಗೆ ಕೂತ ಅಂಗಿಯನ್ನು ಆಮೇಲೆ ನಾನು ಯಾವ ಊರಿನಲ್ಲೂ ತೊಟ್ಟಿಲ್ಲ.

ಅವರು ತೀರಿಕೊಂಡರೆಂದು ಕಳೆದ ತಿಂಗಳು ಮಂಡ್ಯದ ಬಸ್ಸಿನಲ್ಲಿ ಸಿಕ್ಕಿದ ಹಳೆಯ ಶಿಷ್ಯನೊಬ್ಬ ಹೇಳಿದ. ಹೆಸರು ಬರೆಯಬೇಕೆಂದು ಕೂತವನು ಬಿಟ್ಟುಬಿಟ್ಟೆ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಮಿಷನ್ನಮ್ಮ.

ಹೊಲಿಗೆ ಅವರ ಗಂಡನ ಕಸುಬು. ಗಂಡ ಜ್ವರದಲ್ಲಿ ಹೋದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ಸೋಮನಹಳ್ಳಿ ಕಡೆಯ ತವರಿನಿಂದ ಅಣ್ಣ ಗಾಡಿ ಕಟ್ಟಿಕೊಂಡು ಬಂದನಂತೆ, ಮಿಷನ್ನು ಮಾರಿ ತಂಗಿಯನ್ನು ಕರೆದೊಯ್ಯಲು. "ಗಾಡಿ ತಂದಿದ್ದೀಯ, ಒಳ್ಳೇದಾಯ್ತು ಕಣಣ್ಣ," ಎಂದರಂತೆ ಇವರು. "ಎಮ್ಮೆಗೆ ಇಂಡಿ ಏರ್ಕಂಡೋಗು. ಬರೀ ಗಾಡಿ ಓಡ್ಕಂಡು ಓಗ್ಬ್ಯಾಡ." ಅಣ್ಣ ಹೊರಟ ಮೇಲೆ ಮಿಷನ್ನನ್ನು ಮಳಿಗೆಯ ಒಳಕೋಣೆಯಿಂದ ಎಳೆದು ಬೀದಿಯ ಬಾಗಿಲಿಗೆ ಹಾಕಿಸಿಕೊಂಡು ಕೂತರು. ಮುಂಡೆ ಹೆಂಗಸು ಬೀದಿಗೆ ಕಾಣುವ ಹಾಗೆ ಕೂತು ಕಾಲು ತುಳಿಯುವುದೇ ಎಂದು ದೊಡ್ಡವರು ಕೇಳಿದ್ದಕ್ಕೆ, "ಬೆಳಕು ಬರೋದು ಇಲ್ಲೇ," ಎಂದಷ್ಟೇ ಹೇಳಿ ತುಳಿಯುವುದನ್ನು ಮುಂದುವರಿಸಿದರಂತೆ. ಇದೆಲ್ಲ ನಾನು ಬರುವುದಕ್ಕೆ ಮುಂಚಿನದು.

ನಾನು ಕೊತ್ತತ್ತಿಯ ಒಕ್ಕಲು ಮನೆಯವನು. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮದ್ದೂರಿನ ಶಾಲೆಗೆ ಮೇಷ್ಟ್ರಾಗಿ ಬಂದೆ. ನಾಲೆ ನೀರು, ಕಬ್ಬು, ಸಕ್ಕರೆ ಕಾರ್ಖಾನೆ ಎಲ್ಲ ಬಂದು ಕೆಲವು ಮನೆಗಳು ಹೆಂಚು ಹೊದ್ದುಕೊಂಡಿದ್ದವು. ಅದೇ ಬೀದಿಯ ಹಿಂದೆ ದಿನಾ ಒಲೆ ಹಚ್ಚದ ಮನೆಗಳೂ ಇದ್ದವು. ಆಗ ಬೆಲ್ಲದ ಮಂಡಿಯ ಸಾಹುಕಾರರು ನಾಲ್ಕು ಜನರನ್ನು ಸೇರಿಸಿ, ಪ್ರತಿ ಯುಗಾದಿಗೆ ಬಡವರ ಮಕ್ಕಳಿಗೆ ಬಟ್ಟೆ ಕೊಡುವ ಸಮಿತಿಯೊಂದನ್ನು ಮಾಡಿದರು. ಅಕ್ಷರ ದುಂಡಗಿದೆ, ಗಂಟಲು ದೊಡ್ಡದಿದೆ ಎಂದು ಮಕ್ಕಳ ಪಟ್ಟಿ ಬರೆದು ಕೂಗಿ ಓದುವ ಕೆಲಸವನ್ನು ನನಗೆ ಕೊಟ್ಟರು. ನನಗೆ ಅದು ಹೆಮ್ಮೆಯೇ ಆಗಿತ್ತು.

ಸಾಹುಕಾರರು ಕೆಟ್ಟವರಲ್ಲ. ಚಿಕ್ಕಂದಿನಲ್ಲಿ ತಾವೇ ಬೆಲ್ಲದ ಪಿಂಡಿ ಹೊತ್ತವರು. ಬಟ್ಟೆಯ ತಾನುಗಳನ್ನು ಸ್ವಂತ ಖರ್ಚಿನಿಂದ ತರಿಸಿದರು. ನೀಲಿಯ ಮೇಲೆ ಬಿಳಿ ಗೀಟು, ಎಲ್ಲವೂ ಒಂದೇ ಥರ. ಹೊಲಿದವರು ಮಿಷನ್ನಮ್ಮನೇ. ಯುಗಾದಿಯ ಹಿಂದಿನ ದಿನ ಶಾಲೆಯ ಮೈದಾನದಲ್ಲಿ ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತರು. ನಾನು ಕೂಗಿದೆ: ಇಂಥ ಕೂಲಿಯವನ ಮಗಳು, ಇಂಥ ವಿಧವೆಯ ಮಗ, ಗಂಡ ಬಿಟ್ಟವಳ ಮಕ್ಕಳು ಮೂವರು. ಕೂಗಿದ ಹಾಗೆ ಒಂದೊಂದೇ ಮಗು ವೇದಿಕೆಯ ಹತ್ತಿರ ಬಂದು, ಬಗ್ಗಿ, ಬಟ್ಟೆ ತೆಗೆದುಕೊಂಡು ಹೋಯಿತು. ಊರಾಚೆಯ ಕೇರಿಯ ಮಕ್ಕಳಿಗೆ ಬೇರೆ ಸಾಲು. ಅವರ ಕೈಗೆ ಬಟ್ಟೆಯನ್ನು ಮೇಲಿನಿಂದ ಬಿಟ್ಟರು. ಎಲ್ಲ ಮುಗಿದ ಮೇಲೆ ನಮಗೆ ಉಪ್ಪಿಟ್ಟು, ಕಾಫಿ.

ಆ ವರ್ಷವೆಲ್ಲ ಊರಿನಲ್ಲಿ ಗೀಟು ಬಟ್ಟೆ ತೊಟ್ಟ ಮಗು ಕಂಡರೆ ಅದು ಯಾರ ಮಗು, ಯಾಕೆ ತೊಟ್ಟಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಶಾಲೆಯಲ್ಲಿ ಹುಡುಗರು "ಧರ್ಮದ ಗೀಟು" ಎಂದು ಹಾಡು ಕಟ್ಟಿದ್ದರು. ನನ್ನ ತರಗತಿಯ ಹುಡುಗಿಯೊಬ್ಬಳು ಕುಪ್ಪಸವನ್ನು ಒಳಹೊರಗಾಗಿ ತೊಟ್ಟು ಬರುತ್ತಿದ್ದಳು. ಹೊಲಿಗೆಯ ಅಂಚುಗಳು, ದಾರದ ತುದಿಗಳು ಎಲ್ಲ ಹೊರಗೆ. ಮರೆವಿನಿಂದ ಹಾಗೆ ತೊಟ್ಟಿರಬೇಕೆಂದು ಒಂದು ದಿನ ತಿದ್ದಲು ಹೋದೆ. "ಇಂಗಾದ್ರೆ ಗೀಟು ಮಾಸಲಾಗಿ ಕಾಣ್ತದೆ ಸಾ," ಎಂದಳು. ಅಳಲಿಲ್ಲ. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು.

ಸಂಜೆ ಹೋಗಿ ಮಿಷನ್ನಮ್ಮನಿಗೆ ಹೇಳಿದೆ. ಅವರು ತುಳಿಯುವುದನ್ನು ನಿಲ್ಲಿಸಿದರು.

"ನಾನೂ ಕಂಡಿದ್ದೀನಿ ಮೇಷ್ಟ್ರೆ. ಆ ಮಗೀನ ಕುಪ್ಪಸಕ್ಕೆ ಗುಂಡಿ ಕಾಜಾ ನಾನೇ ಮಾಡಿದ್ದು. ಒಳಮೈ ಒರಗಾದ್ರೆ ನನ್ನ ಕೆಟ್ಟ ಒಲಿಗೆಯೆಲ್ಲ ಕಾಣ್ತದೆ. ಆ ಮಗು ಅದನ್ನ ತೋರ್ಸ್ಕಂಡು ನನ್ನ ಅಂಗಡಿ ಮುಂದೇನೇ ಓಯ್ತದೆ ದಿನಾ." ಸೂಜಿಗೆ ದಾರ ಪೋಣಿಸುತ್ತ, "ನೀವು ಕೂಗಿದ್ರಿ, ನಾನು ಒಲ್ದೆ," ಎಂದರು.

ಮಾರನೆಯ ವರ್ಷ ಬಟ್ಟೆಗೂ ಕಂಟ್ರೋಲು ಬಂದಿತ್ತು. ಪರ್ಮಿಟ್ಟಿಲ್ಲದೆ ಒಂದು ಟವೆಲ್ಲೂ ಸಿಗದ ಕಾಲ. ಅಂಥದ್ದರಲ್ಲೂ ಸಾಹುಕಾರರು ಓಡಾಡಿ ತಾನುಗಳನ್ನು ತಂದರು. ಮತ್ತೆ ನೀಲಿಯ ಮೇಲೆ ಬಿಳಿ ಗೀಟು. ಆಳುಗಳ ತಲೆಯ ಮೇಲೆ ಹೊರಿಸಿಕೊಂಡು ಅಂಗಡಿಗೆ ತಾವೇ ಬಂದರು. ಪಟ್ಟಿ ಹಿಡಿದು ಹಿಂದೆ ನಾನೂ ಇದ್ದೆ.

ಮಿಷನ್ನಮ್ಮ ತಾನಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಮಡಿಸಿ, ವಾಪಸ್ಸು ಇಟ್ಟರು.

"ಇದನ್ನ ನಾನು ಒಲಿಯಾಕಿಲ್ಲ ಸಾವ್ಕಾರ್ರೆ."

"ಯಾಕವ್ವ, ಬಟ್ಟೆ ಚೆನ್ನಾಗಿಲ್ವಾ?"

"ಬಟ್ಟೆ ಚೆನ್ನಾಗದೆ. ನಿಮ್ಮ ಮೊಮ್ಮಗಳಿಗೆ ಇದ್ರಾಗೆ ಒಂದು ಲಂಗ ಒಲ್ದು ಕೊಡ್ಲಾ? ಅಬ್ಬದ ದಿನ ಉಟ್ಕತದಾ?"

ಸಾಹುಕಾರರ ಮುಖ ಬಿಗಿಯಿತು. "ಅದ್ಕೂ ಇದ್ಕೂ ಏನವ್ವ ಸಂಬಂದ? ಕೊಡೋ ಕೈಗೆ ಇಂಥ ಮಾತಾ?"

"ಕೊಡೋದಾದ್ರೆ ಕೊಡಿ, ನಾನೂ ಕೈಮುಗೀತೀನಿ. ನಿಮ್ಮ ಎತ್ತಿಗೆ ಮುದ್ರೆ ಒತ್ತೀರಲ್ಲ, ತಪ್ಪಿಸ್ಕಂಡ್ರೆ ಗುರ್ತು ಸಿಗ್ಲಿ ಅಂತ. ಐಕ್ಳಿಗೆ ಯಾಕೆ ಆ ಮುದ್ರೆ? ಬೇರೆ ಬೇರೆ ಬಟ್ಟೆ ತನ್ನಿ. ಮೈದಾನದಲ್ಲಿ ಕೂಗ್ಬ್ಯಾಡಿ. ಈ ಕ್ಸಣ ಕತ್ರಿ ಇಡ್ಕತೀನಿ."

"ಕೂಗ್ದೆ ಕೊಟ್ರೆ ಒಂದು ಮನೆಯೋರು ಮೂರು ಸತಿ ತಗಂಡೋಯ್ತಾರೆ. ನಂಗೆ ಗೊತ್ತಿಲ್ವಾ ಜನ?"

"ಓಗ್ಲಿ ಬುಡಿ. ಮೂರು ಅಂಗಿ ತೊಟ್ಟ ಬಡವ್ನ ನಾನಂತೂ ಇನ್ನೂ ಕಂಡಿಲ್ಲ."

ಬೀದಿಯಲ್ಲಿ ಜನ ನಿಂತಿದ್ದರು. ಸಾಹುಕಾರರು ತಗ್ಗಿದ ದನಿಯಲ್ಲಿ, "ನೀನು ಕೂತಿರೋ ಮಳಿಗೆ ಯಾರ್ದು ಅಂತ ನೆಪ್ಪದೆಯೇನವ್ವ?" ಎಂದರು. ಮಂಡಿಯ ಪಕ್ಕದ ಆ ಮಳಿಗೆ ಅವರದೇ.

"ಚೆನ್ನಾಗಿ ನೆಪ್ಪದೆ. ಮಳಿಗೆ ನಿಮ್ದು, ಮಿಸನ್ನು ನಂದು," ಎಂದು ಮಿಷನ್ನಮ್ಮ ಎದ್ದು, ಹೊಲಿದು ಮಡಿಸಿಟ್ಟಿದ್ದ ಬಟ್ಟೆಗಳನ್ನು ಗಂಟು ಕಟ್ಟತೊಡಗಿದರು. ಸಾಹುಕಾರರು ಮಳಿಗೆ ಬಿಡು ಎಂದಿರಲಿಲ್ಲ. ಬಿಡಿಸುವೆನೆಂದು ಹೆದರಿಸಿದ್ದರು, ಅಷ್ಟೆ. ಈಕೆ ಅವರಿಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟು ಸಮಯವನ್ನೂ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಿಷನ್ನು ಬೆಲ್ಲದ ಮಂಡಿಗೆ ನೇರ ಎದುರು, ರಸ್ತೆಯ ಆ ಕಡೆಯ ಹೊಂಗೆಮರದ ಕೆಳಗಿತ್ತು. "ಬೇರೆ ಕಡೆ ನೆಳ್ಳು ಇರ್ಲಿಲ್ವಾ ಅಮ್ಮ?" ಎಂದು ಆಮೇಲೊಂದು ದಿನ ಕೇಳಿದೆ. "ಇತ್ತು," ಎಂದರು.

ಅವತ್ತು ನಾನು ಪಟ್ಟಿಯನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು ಸಾಹುಕಾರರ ಹಿಂದೆಯೇ ಹೋದೆ. ಇದನ್ನು ಬರೆಯದಿದ್ದರೆ ಮೋಸವಾಗುತ್ತದೆ.

ಹಬ್ಬಕ್ಕೆ ಮೂರು ವಾರವಿತ್ತು. ಸಾಹುಕಾರರ ಬಟ್ಟೆ ಮಂಡ್ಯದ ದರ್ಜಿಯೊಬ್ಬನಿಗೆ ಹೋಯಿತು. ಇತ್ತ ಮಿಷನ್ನಮ್ಮ ಬೆಳಿಗ್ಗೆ ಮರದ ಕೆಳಗೆ ಹೊಲಿದು, ಮಧ್ಯಾಹ್ನ ಗಂಡಸರು ಗದ್ದೆಗೆ, ಮಂಡಿಗೆ ಹೋದ ಮೇಲೆ ಆ ಮಕ್ಕಳಿಗೆ ಬಟ್ಟೆ ಕೇಳಿಕೊಂಡು ಮನೆಮನೆಗೆ ಹೊರಟರು. ಅಂಗಡಿಯಲ್ಲಿ ಬಟ್ಟೆ ಇಲ್ಲದಿದ್ದರೇನು, ಯಾರ ಪೆಟ್ಟಿಗೆಯಲ್ಲಿ ಯಾವ ತುಂಡಿದೆ ಎಂಬುದು ಅವರಿಗೆ ಗೊತ್ತಿತ್ತು. ಕತ್ತರಿಸಿದವರು ಅವರೇ ತಾನೆ!

"ನಿಮ್ಮ ಎರಡನೇ ಮಗಳ ಮದ್ವೇಲಿ ಅಸ್ರು ಬಟ್ಟೆ ಎರಡು ಗಜ ಮಿಕ್ಕಿತ್ತಲ್ಲ, ತೆಗೀರಿ," ಎನ್ನುವರು. ಆ ಮನೆಯಾಕೆ ಹಳೆಯ ಸೀರೆಯೊಂದನ್ನು ತಂದರೆ ಹಿಂದಕ್ಕೆ ತಳ್ಳುವರು. "ನೀವು ಉಟ್ಟು ಸವೆಸಿದ್ದು ಬ್ಯಾಡಿ ಕಣ್ರವ್ವ. ನಿಮ್ಮ ಮಗೀಗೆ ಅಬ್ಬಕ್ಕೆ ಆಕೋ ಅಂಥದ್ದಿದ್ರೆ ಕೊಡಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ಬೇಜಾರಿಲ್ಲ." ಇಲ್ಲ ಅಂದವರೂ ಇದ್ದರು. ಕೊಟ್ಟವರೇ ಹೆಚ್ಚು. ಹೂವಿನ ಚೀಟಿ ಬಟ್ಟೆ, ಅರಿಶಿನ ಬಣ್ಣದ್ದು, ಚೌಕುಳಿಯದ್ದು, ಯಾರದೋ ಬಾಣಂತನಕ್ಕೆ ತಂದು ಬಳಸದೆ ಉಳಿದ ಗುಲಾಬಿ ಬಣ್ಣದ್ದು. ಸಾಹುಕಾರರ ಹೆಂಡತಿ ಹಿತ್ತಿಲ ಬಾಗಿಲಿಗೆ ಕರೆಸಿಕೊಂಡು, ಮೊಮ್ಮಗಳಿಗೆಂದು ಇಟ್ಟಿದ್ದ ಕೆಂಪು ಮಖಮಲ್ಲನ್ನು ಕೊಟ್ಟು, "ಅವ್ರಿಗೆ ಯೋಳ್ಬ್ಯಾಡಿ ಕಣಕ್ಕ," ಎಂದರಂತೆ. "ನಾನ್ಯಾಕೆ ಯೋಳ್ಲಿ? ಯಾವತ್ತಾರ ನೀವೇ ಯೋಳೀರಿ," ಎಂದು ಇವರು ಕಂಕುಳಿಗೆ ಸೇರಿಸಿಕೊಂಡು ಬಂದರು.

ಅಳತೆಗೆ ಒಂದು ಮಗುವನ್ನೂ ಕರೆಯಲಿಲ್ಲ. ಮಕ್ಕಳು ರಸ್ತೆಯಲ್ಲಿ ಓಡುತ್ತಿದ್ದರೆ ಮಿಷನ್ನಿನ ಹಿಂದಿನಿಂದ ತಲೆಯೆತ್ತಿ ಒಂದು ಸಲ ನೋಡುವರು. ಕತ್ತರಿ ಹಿಡಿಯುವರು.

ಹಬ್ಬಕ್ಕೆ ಎರಡು ದಿನವಿದ್ದಾಗ ನಾನು ಮರದ ಕೆಳಗೆ ಹೋದೆ. ಕೂಲಿಯ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಮಿಷನ್ನಮ್ಮ ಅವಳನ್ನು ಕಂಡದ್ದೇ ಗದರಿದರು. "ಏನಮ್ಮೀ, ನಿನ್ನ ಬಟ್ಟೆ ಆಗಿ ಎರಡು ದಿನ ಆಯ್ತು! ನಾನೇನು ಕಾಯ್ಕಂಡು ಕೂರ್ಬೇಕಾ?" ಆಕೆ ಗಾಬರಿಯಾಗಿ ಹತ್ತಿರ ಬಂದಳು. ಆಕೆ ಬಟ್ಟೆ ಹೊಲಿಯಲು ಕೊಟ್ಟವಳೇ ಅಲ್ಲ. ಮಿಷನ್ನಮ್ಮ ಚಾಚಿದ ಬಟ್ಟೆಯ ಮಡಿಕೆ ಬಿಡಿಸಿ ನೋಡಿದಳು. ಮಿಷನ್ನಮ್ಮನ ಮುಖ ನೋಡಿದಳು. ಅರ್ಥವಾಯಿತು. ಕಣ್ಣು ತುಂಬಿತು.

"ಅಳೋಕೆ ಬಂದಿದ್ದೀಯಾ, ಬಟ್ಟೆ ನೋಡೋಕೆ ಬಂದಿದ್ದೀಯಾ? ನೆಟ್ಟಗೆ ನೋಡು. ಸರಿಗದೆಯಾ?"

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕುಪ್ಪಸವನ್ನು ಹಿಂದೆ ಮುಂದೆ ತಿರುಗಿಸಿದಳು. ತುಂಬ ಹೊತ್ತು ನೋಡಿ, ಅಳುಕುತ್ತ, "ತೋಳು ವಸಿ ಸಡ್ಲ ಆಯ್ತೇನೋ ಅಕ್ಕ," ಎಂದಳು.

ನನಗೆ ಒಳಗೊಳಗೇ ಸಿಟ್ಟು ಬಂತು. ಪುಕ್ಕಟೆ ಬಂದದ್ದಕ್ಕೂ ಕೊಂಕೇ ಎನ್ನಿಸಿತು. ಮಿಷನ್ನಮ್ಮನ ಮುಖ ಮಾತ್ರ ಅರಳಿತು. "ಕೊಡಿಲ್ಲಿ, ಬಿಗಿ ಮಾಡ್ತೀನಿ. ಕೂತ್ಕ," ಎಂದು ಅಲ್ಲೇ ಹೊಲಿಗೆ ಬಿಚ್ಚಿ ಹೊಸದಾಗಿ ಹಾಕಿಕೊಟ್ಟರು. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ರಾ? ಓದ ವರ್ಸ ಅಷ್ಟು ಐಕ್ಳಿಗೆ ಒಲ್ದು ಕೊಟ್ಟೆ. ತೋಳು ಸಡ್ಲ ಅಂತ ಒಬ್ಬಳಾರ ಅಂದ್ಲಾ? ಸಡ್ಲ ಇರ್ಲಿಲ್ಲ ಅಂತಲ್ಲ ಮೇಷ್ಟ್ರೆ, ಅನ್ನೋ ಬಾಯಿಗೆ ನಾವು ಬೀಗ ಆಕಿದ್ವಿ."

ಕೇರಿಯ ಹೆಂಗಸರೂ ಅದೇ ಮರದ ಕೆಳಗೆ ಬಂದು, ಅದೇ ಹಲಗೆಯ ಮೇಲೆ ಕೂತು, ತಮ್ಮ ಮಕ್ಕಳ ಬಟ್ಟೆ ತೆಗೆದುಕೊಂಡು ಹೋದರು. ಅದನ್ನು ಕಂಡು ಇಬ್ಬರು ಮೂವರು ಒಕ್ಕಲ ಮನೆಯವರು ತಮ್ಮ ಬಟ್ಟೆಗಳನ್ನು ಹೊಲಿಯದೆಯೇ ಹಿಂದಕ್ಕೆ ಕೇಳಿದರು. ಹಲಗೆಯಿಂದ ಅವರನ್ನು ಏಳಿಸಿದರೆ ಬಟ್ಟೆಯನ್ನು ಇಲ್ಲೇ ಬಿಟ್ಟು ಹೋಗುವುದಾಗಿ ಒಬ್ಬರು ಹೇಳಿದರು. ಮಿಷನ್ನಮ್ಮ ಅವರ ಬಟ್ಟೆಯನ್ನು ನೀಟಾಗಿ ಮಡಿಸಿ ಕೈಗಿಟ್ಟು, "ಮಳವಳ್ಳೀಲಿ ಒಳ್ಳೆ ದರ್ಜಿ ಅವ್ನೆ," ಎಂದರು. ಆ ಮನೆಗಳ ಕೆಲಸ ಅವರಿಗೆ ವರ್ಷಗಟ್ಟಲೆ ಬರಲಿಲ್ಲ. ಆ ದಿನಗಳಲ್ಲಿ ಅವರು ಒಂದು ಹೊತ್ತು ಮುದ್ದೆ, ಒಂದು ಹೊತ್ತು ಮಜ್ಜಿಗೆಯಲ್ಲಿ ಇದ್ದರೆಂದು ನನಗೆ ಗೊತ್ತಾದದ್ದು ತುಂಬ ತಡವಾಗಿ, ಬೇರೆಯವರಿಂದ.

ಅವತ್ತು ನಾನು ಮರದ ಕೆಳಗಿನಿಂದ ಹೊರಟಾಗ ಮಿಷನ್ನಮ್ಮ ಕೇಳಿದರು, "ನಾಳೆ ಮೈದಾನದಲ್ಲಿ ನೀವೇಯಾ ಓದೋದು?"

ಪಟ್ಟಿಯಿದ್ದ ಜೇಬನ್ನು ಮುಟ್ಟಿ ನೋಡಿಕೊಂಡು ಮನೆಯ ಕಡೆ ನಡೆದೆ.

ಮಾರನೆಯ ದಿನ ಮೈದಾನದಲ್ಲಿ ಚಪ್ಪರ, ಕುರ್ಚಿ, ದೊಡ್ಡ ಅಧಿಕಾರಿಯೊಬ್ಬರು ಎಲ್ಲ ಇದ್ದರು. ಗೀಟು ಬಟ್ಟೆಯ ರಾಶಿ ಮೇಜಿನ ಮೇಲಿತ್ತು. ನನ್ನನ್ನು ಕರೆದಾಗ ಎದ್ದು ನಿಂತೆ. ಪಟ್ಟಿಯ ಮೊದಲ ಹೆಸರೇ ಕುಪ್ಪಸ ತಿರುಗಿಸಿ ತೊಡುತ್ತಿದ್ದ ಹುಡುಗಿಯದು, ಪಕ್ಕದಲ್ಲಿ ಅವಳ ಅಪ್ಪ ಕುಡಿದು ಬಿಟ್ಟುಹೋದದ್ದನ್ನೂ ನನ್ನ ದುಂಡಗಿನ ಅಕ್ಷರದಲ್ಲೇ ಬರೆದಿದ್ದೆ. ಓದಲಾರೆ ಎನ್ನಬೇಕಿತ್ತು. ಧೈರ್ಯ ಸಾಲಲಿಲ್ಲ. ಗಂಟಲು ಮುಟ್ಟಿ ತೋರಿಸಿ, "ಕಟ್ಟಿದೆ, ದನಿ ಬರ್ತಿಲ್ಲ," ಎಂದು ಪಿಸುಗುಟ್ಟಿ ಪಟ್ಟಿಯನ್ನು ಸಾಹುಕಾರರ ಕೈಗೆ ಕೊಟ್ಟು ಕೂತುಬಿಟ್ಟೆ.

ಸಾಹುಕಾರರು ಕನ್ನಡಕ ಹಾಕಿಕೊಂಡು ತಾವೇ ಕೂಗಿದರು. ಯಾರೂ ಬರಲಿಲ್ಲ. ಎರಡನೆಯ ಹೆಸರು. ಬರಲಿಲ್ಲ. ಮೈದಾನದ ಆಚೆ ಅಂಚಿನಲ್ಲಿ ಹಸಿರು, ಅರಿಶಿನ, ಚೌಕುಳಿ ತೊಟ್ಟ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಯಾವುದು ಯಾರ ಮನೆಯ ಮಗು ಎಂದು ಬಟ್ಟೆ ನೋಡಿ ಹೇಳುವಂತಿರಲಿಲ್ಲ. ಕೇರಿಯ ಹುಡುಗಿಯೊಬ್ಬಳು ಕೆಂಪು ಮಖಮಲ್ಲಿನ ಕುಪ್ಪಸ ತೊಟ್ಟು ಒಂಟಿಕಾಲಲ್ಲಿ ನೆಗೆಯುತ್ತಿದ್ದಳು. ಕೊನೆಗೆ ಏಳೆಂಟು ಮಕ್ಕಳು ಬಂದು ಗೀಟು ಬಟ್ಟೆ ತೆಗೆದುಕೊಂಡರು. ಅವರ ವಿಷಯವಾಗಿ ಆಮೇಲೆ ಯಾರೋ ಹಗುರವಾಗಿ ಮಾತಾಡಿದಾಗ ಮಿಷನ್ನಮ್ಮ ರೇಗಿದರು. "ಬೇಕಿದ್ದೋರು ತಗಂಡ್ರು. ಮೈಗಿಲ್ದೆ ಇರೋ ಐಕ್ಳು ನಮ್ಮ ಜಗಳಕ್ಕೆ ಬರಿಮೈಲಿ ನಿಂತ್ಕಬೇಕಾ?"

ಹಬ್ಬದ ಮಾರನೆಯ ದಿನ, ವರ್ಷದ ತೊಡಕಿನಂದು, ಊರಿಗೆ ಊರೇ ಬಾಡಿನ ವಾಸನೆಯಲ್ಲಿರುವಾಗ ನಾನು ಮಿಷನ್ನಮ್ಮನ ಹತ್ತಿರ ಹೋಗಿ ನನ್ನ ಗಂಟಲಿನ ಸುಳ್ಳನ್ನು ಒಪ್ಪಿಕೊಂಡೆ. ನಕ್ಕರು. "ಬೆಲ್ಲ ವಸಿ ತಿಂದ್ರೆ ಸರಿ ಓಯ್ತದೆ ಗಂಟ್ಲು. ಬರೋ ವರ್ಸ ಕಾಯಿಲೆ ತಗೀಬ್ಯಾಡಿ ಮೇಷ್ಟ್ರೆ. ಒಲ್ಲೆ ಅನ್ನಿ. ಸಣ್ಣ ಮಾತು ಅದು. ಅಂದು ನೋಡಿ, ಅಂದ್ಮೇಲೆ ನಿದ್ದೆ ಚೆನ್ನಾಗಿ ಬತ್ತದೆ."

ಮುಂದಿನ ವರ್ಷ ಅಂದೆ. ಮಂಡಿಗೆ ಹೋಗಿ, ಸಾಹುಕಾರರ ಎದುರು ನಿಂತು, ಪಟ್ಟಿ ಬರೆಯುವುದಿಲ್ಲ, ಓದುವುದಿಲ್ಲ ಎಂದೆ. ಎರಡು ತಿಂಗಳಲ್ಲಿ ನನಗೆ ಮಳವಳ್ಳಿಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನಾನು ಕೇಳಲು ಹೋಗಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಮಿಷನ್ನಮ್ಮ ಮರದ ಕೆಳಗಿನಿಂದಲೇ ಕೂಗಿ ಹೇಳಿದರು, "ಅಲ್ಲೂ ಐಕ್ಳವೆ ಕಣ್ರೀ!"

ಮಳವಳ್ಳಿಯಲ್ಲಿ ನಾನೂ ನನ್ನ ಹೆಂಡತಿಯೂ ನಮ್ಮ ಕೈಲಾದಷ್ಟನ್ನು ಅವರ ರೀತಿಯಲ್ಲೇ ಮಾಡಿದೆವು. ಆ ಕತೆ ಇಲ್ಲಿ ಬೇಡ.

ಮದ್ದೂರಿನ ಸುದ್ದಿ ಬಸ್ಸಿನವರಿಂದ ಬರುತ್ತಿತ್ತು. ಸಮಿತಿ ಮರುವರ್ಷವೇ ನಿಂತಿತ್ತು. ಖಾಲಿ ಮಳಿಗೆಗೆ ಸಾಹುಕಾರರು ಬೇರೆ ದರ್ಜಿಯನ್ನು ತಂದು ಕೂರಿಸಿದರೆ ಊರಿನ ಹೆಂಗಸರು ಅತ್ತ ಹೆಜ್ಜೆ ಹಾಕದೆ ರಸ್ತೆ ದಾಟಿ ಮರಕ್ಕೇ ಹೋಗುತ್ತಿದ್ದರಂತೆ. ಅವನೂ ಬಿಟ್ಟುಹೋದ. ಮಳೆಗಾಲದಲ್ಲಿ ಮಿಷನ್ನಮ್ಮ ಮಿಷನ್ನಿಗೆ ತಾಡಪಾಲು ಹೊದಿಸಿ, ತಾವು ತಲೆಯ ಮೇಲೆ ಗೋಣಿಯ ಗೊಪ್ಪೆ ಹಾಕಿಕೊಂಡು ಕೂರುತ್ತಿದ್ದರು. ಎದುರು ಮಂಡಿಯ ಗಾದಿಯ ಮೇಲೆ ಕೂತ ಸಾಹುಕಾರರಿಗೆ ಅದು ದಿನವೂ ಕಾಣುತ್ತಿತ್ತು. ಒಂದು ದಿನ ಊಟಕ್ಕೆ ಬಡಿಸುವಾಗ ಅವರ ಹೆಂಡತಿ ಕೆಂಪು ಮಖಮಲ್ಲಿನ ವಿಷಯವನ್ನು ಹೇಳಿಯೇಬಿಟ್ಟರಂತೆ. ಸಾಹುಕಾರರು ಎಲೆಯ ಮುಂದಿನಿಂದ ಏಳಲೂ ಇಲ್ಲ, ಬೈಯಲೂ ಇಲ್ಲ. ಸಂಜೆ ರಸ್ತೆ ದಾಟಿ ಮರದ ಕೆಳಗೆ ಬಂದು ಹಲಗೆಯ ಮೇಲೆ ಕೂತರು.

"ಮಳಿಗೆಗೆ ಬಂದ್ಬುಡವ್ವ. ಬಾಡ್ಗೆ ಬ್ಯಾಡ," ಎಂದರು.

"ಪುಕ್ಕಟೆ ಆದ್ರೆ ನಾ ಬರಾಕಿಲ್ಲ. ಮೊದ್ಲು ಎಷ್ಟು ಕೊಡ್ತಿದ್ನೋ ಅಷ್ಟೇ ಕೊಡ್ತೀನಿ. ಇನ್ನೊಂದು ಮಾತು. ಈ ಅಲಗೆ ಮೇಲೆ ಯಾರ್ಯಾರು ಕೂತ್ಕತಾರೋ ಅವ್ರೆಲ್ಲ ಮಳಿಗೆ ಒಳಗೂ ಕೂತ್ಕತಾರೆ. ಒಪ್ಕಂಡ್ರೆ ಯೋಳಿ."

ಸಾಹುಕಾರರು ಎದ್ದು ಹೋದರು. ಒಂದು ವಾರ ಬಿಟ್ಟು ಬೀಗದ ಕೈ ಕಳಿಸಿದರು.

ಅದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಬೀಗದ ಕೈ ಬಂದ ಸುದ್ದಿ ಕೇಳಿ ನಾನು ಮಳವಳ್ಳಿಯಿಂದ ಮೊದಲ ಬಸ್ಸಿಗೇ ಹೊರಟು ಬಂದೆ. ಪೇಟೆಬೀದಿಯಲ್ಲಿ ಜನ ಕಿಕ್ಕಿರಿದಿದ್ದರು. ಮಿಷನ್ನು ಕಬ್ಬಿಣದ ಕಾಲಿನ ಸಮೇತ ತುಂಬ ಭಾರ. ಗಂಡಸರು ಕೈಹಾಕಲು ಬಂದರೆ ಮಿಷನ್ನಮ್ಮ ಬೇಡವೆಂದರು. ಕೇರಿಯಿಂದ ಬಂದ ನಾಲ್ವರು ಹೆಂಗಸರು ಸೆರಗು ಸಿಕ್ಕಿಸಿ, ನಾಲ್ಕು ಮೂಲೆ ಹಿಡಿದು ಎತ್ತಿದರು. ರಸ್ತೆ ದಾಟಿ ಮಳಿಗೆಯ ಹೊಸ್ತಿಲ ಮುಂದೆ ಬಂದು ನಿಂತರು. ಬಾಗಿಲಿನ ಒಂದು ರೆಕ್ಕೆ ಮಾತ್ರ ತೆಗೆದಿತ್ತು. ಮಿಷನ್ನು ಅದರಲ್ಲಿ ಹಿಡಿಸಲಿಲ್ಲ. ಹೆಂಗಸರು ಭಾರವನ್ನು ಮೊಣಕಾಲಿಗೆ ಆನಿಸಿಕೊಂಡರು. ಜನ ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ.

ಮಿಷನ್ನಮ್ಮ ಮಂಡಿಯ ಕಡೆ ತಿರುಗಿ, ಸೊಂಟದ ಮೇಲೆ ಕೈಯಿಟ್ಟು, ಇಡೀ ಬೀದಿಗೆ ಕೇಳುವಂತೆ ಕೂಗಿದರು:

"ಸಾವ್ಕಾರ್ರೆ, ಇನ್ನೊಂದು ಬಾಗ್ಲೂ ತೆಗೀರಿ! ಇವ್ರು ಒಳಕ್ಕೆ ಬತ್ತಾವ್ರೆ!"

ಸಾಹುಕಾರರು ಗಾದಿಯ ಮೇಲೆ ಬಿಚ್ಚಿದ್ದ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟರು. ಆಮೇಲೆ ಎದ್ದರು, ಚಪ್ಪಲಿ ಮೆಟ್ಟಿದರು, ಮಂಡಿಯ ಮೆಟ್ಟಿಲಿಳಿದು ಬಂದರು. ಮೇಲಿನ ಅಗುಳಿ ತುಕ್ಕು ಹಿಡಿದಿತ್ತು. ಎರಡು ಸಲ ಎಳೆದರು, ಬರಲಿಲ್ಲ. ಮೂರನೆಯ ಸಲ ಭುಜ ಕೊಟ್ಟು ಎಳೆದು ಬಾಗಿಲನ್ನು ಗೋಡೆಯವರೆಗೂ ತೆರೆದು, ಆ ನಾಲ್ವರೂ ಒಳಗೆ ಹೋಗಿ ಮಿಷನ್ನು ಇಳಿಸುವವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.